ಲೋಕಸಭಾ ಚುನಾವಣೆಯ ಅಭ್ಯರ್ಥಿಗಳ ಅರ್ಹತೆ ಮತ್ತು ಅನರ್ಹತೆ: ಹಾಸನ ಲೋಕಸಭಾ ಕ್ಷೇತ್ರದ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಭಾರತದಲ್ಲಿ ಮತದಾನದ ಹಕ್ಕನ್ನು ಪಡೆದಿರುವ ಪ್ರತಿಯೊಬ್ಬ ಪ್ರಜೆಯೂ ಲೋಕಸಭೆಗೆ ಸ್ಪರ್ಧಿಸಲು ತಾನಾಗಿಯೇ ಅರ್ಹನಾಗುವುದಿಲ್ಲ. ಮತ ಚಲಾಯಿಸಲು 18 ವರ್ಷ ತುಂಬಿರಬೇಕು; ಮತ ಕೇಳಲು 25 ವರ್ಷ ತುಂಬಿರಬೇಕು. ಇದಲ್ಲದೆ ಪೌರತ್ವ, ಮತದಾರರ ಪಟ್ಟಿಯಲ್ಲಿ ನೋಂದಣಿ, ಪ್ರಮಾಣವಚನ, ಹೊಂದಿರುವ ಹುದ್ದೆ, ಹಿಂದಿನ ಅಪರಾಧ ನಿರ್ಣಯ ಮುಂತಾದ ವಿಷಯಗಳೂ ಅಭ್ಯರ್ಥಿತನವನ್ನು ನಿರ್ಧರಿಸುತ್ತವೆ. ಈ ನಿಯಮಗಳ ಬಗ್ಗೆ ಸಾಕಷ್ಟು ತಿಳಿವಳಿಕೆ ಇಲ್ಲದ ಕಾರಣ ಸಣ್ಣ ಲೋಪಗಳಿಂದ ನಾಮಪತ್ರಗಳು ತಿರಸ್ಕೃತವಾಗುವುದೂ, ಆಯ್ಕೆಯಾದ ನಂತರ ಚುನಾವಣೆಯೇ ನ್ಯಾಯಾಲಯದ ಮೆಟ್ಟಿಲೇರುವುದೂ ಉಂಟು. ಆದ್ದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಮತದಾರರ ಮತ್ತು ಸ್ಪರ್ಧಾಕಾಂಕ್ಷಿಗಳ ಅನುಕೂಲಕ್ಕಾಗಿ ಮುಖ್ಯ ಉಪಬಂಧಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

2. ಹಾಸನ ಲೋಕಸಭಾ ಕ್ಷೇತ್ರದ ವ್ಯಾಪ್ತಿ

ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಹಾಸನವೂ ಒಂದು. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಇದು ಎಂಟು ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡಿದೆ: ಹಾಸನ, ಹೊಳೆನರಸೀಪುರ, ಅರಕಲಗೂಡು, ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಸಕಲೇಶಪುರ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಕಡೂರು. ಚನ್ನರಾಯಪಟ್ಟಣವು ತಾಲ್ಲೂಕು ಕೇಂದ್ರವಾಗಿದ್ದರೂ ಆ ಹೆಸರಿನ ವಿಧಾನಸಭಾ ಕ್ಷೇತ್ರವಿಲ್ಲ. ಅಲ್ಲಿನ ಕ್ಷೇತ್ರಕ್ಕೆ ಶ್ರವಣಬೆಳಗೊಳ ಎಂಬ ಹೆಸರಿದೆ. ತಾಲ್ಲೂಕಿನ ಗಡಿ ಮತ್ತು ಕ್ಷೇತ್ರದ ಗಡಿ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲವಾದ್ದರಿಂದ ಅಭ್ಯರ್ಥಿಗಳೂ ಸೂಚಕರೂ ತಮ್ಮ ಹೆಸರು ಯಾವ ಕ್ಷೇತ್ರದ ಯಾವ ಭಾಗದಲ್ಲಿದೆ ಎಂಬುದನ್ನು ಮತದಾರರ ಪಟ್ಟಿಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಹಾಸನ ಲೋಕಸಭಾ ಸ್ಥಾನವು ಸಾಮಾನ್ಯ ಸ್ಥಾನವಾಗಿದೆ. ಇದರ ವ್ಯಾಪ್ತಿಯಲ್ಲಿರುವ ಸಕಲೇಶಪುರ ವಿಧಾನಸಭಾ ಸ್ಥಾನವು ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ವಿಧಾನಸಭೆಯ ಈ ಮೀಸಲಾತಿಯು ಲೋಕಸಭಾ ಚುನಾವಣೆಗೆ ಅನ್ವಯಿಸುವುದಿಲ್ಲ.

3. ಅರ್ಹತೆಯನ್ನು ನಿಗದಿಪಡಿಸುವವರು ಯಾರು?

ಅಭ್ಯರ್ಥಿಗಳ ಅರ್ಹತೆಯನ್ನು ಸಂವಿಧಾನ ಮತ್ತು ಸಂಸತ್ತು ಮಾಡಿದ ಕಾನೂನು ಮಾತ್ರ ನಿಗದಿಪಡಿಸುತ್ತವೆ. ಸಂವಿಧಾನದ 84ನೇ ಅನುಚ್ಛೇದವು ಅರ್ಹತೆಗಳನ್ನೂ, 102ನೇ ಅನುಚ್ಛೇದವು ಅನರ್ಹತೆಗಳನ್ನೂ ತಿಳಿಸುತ್ತದೆ. ಉಳಿದ ವಿವರಗಳು ಪ್ರಜಾ ಪ್ರಾತಿನಿಧ್ಯ ಅಧಿನಿಯಮ, 1951ರಲ್ಲಿವೆ. ರಾಜ್ಯ ಸರ್ಕಾರವಾಗಲಿ, ಚುನಾವಣಾಧಿಕಾರಿಯಾಗಲಿ, ಚುನಾವಣಾ ಆಯೋಗವೇ ಆಗಲಿ ಹೊಸ ಅರ್ಹತೆಯೊಂದನ್ನು ಸೇರಿಸಲು ಅಥವಾ ಇರುವುದನ್ನು ಬಿಡಲು ಅಧಿಕಾರ ಹೊಂದಿಲ್ಲ. ಕಾನೂನಿನಲ್ಲಿ ಇರುವುದನ್ನು ಜಾರಿಗೊಳಿಸುವುದಷ್ಟೇ ಅವರ ಕರ್ತವ್ಯ. ರಾಜಕೀಯ ಪಕ್ಷಗಳು ಟಿಕೆಟ್ ನೀಡಲು ಅನುಸರಿಸುವ ಮಾನದಂಡಗಳು ಆಯಾ ಪಕ್ಷದ ಆಂತರಿಕ ವಿಷಯವಾಗಿದ್ದು, ಕಾನೂನಿನ ಅರ್ಹತೆಗೂ ಅದಕ್ಕೂ ಸಂಬಂಧವಿಲ್ಲ.

ವಿದ್ಯಾರ್ಹತೆಯನ್ನು ನಿಗದಿಪಡಿಸಬೇಕೇ ಎಂಬ ಪ್ರಶ್ನೆ ಹೊಸದಲ್ಲ. ಕಾನೂನನ್ನು ಜಾರಿಗೊಳಿಸುವವರಿಂದ ಉನ್ನತ ಅರ್ಹತೆಯನ್ನು ಅಪೇಕ್ಷಿಸುವ ನಾವು ಕಾನೂನನ್ನು ರಚಿಸುವವರಿಗೆ ಅಂಥ ಅರ್ಹತೆಯನ್ನು ಗೊತ್ತುಪಡಿಸಿಲ್ಲವೆಂದು ಸಂವಿಧಾನ ರಚನಾ ಸಭೆಯ ಅಧ್ಯಕ್ಷರಾದ ಡಾ. ರಾಜೇಂದ್ರ ಪ್ರಸಾದ್ ಅವರು 1949ರ ನವೆಂಬರ್ 26ರಂದು ವಿಷಾದ ವ್ಯಕ್ತಪಡಿಸಿದ್ದರು. ಹರಿಯಾಣ ರಾಜ್ಯವು ಪಂಚಾಯಿತಿ ಚುನಾವಣೆಗೆ ಶಾಲಾ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಿದಾಗ ಸರ್ವೋಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಸಂಸತ್ತಿನ ಚುನಾವಣೆಗೆ ಇಂಥ ಷರತ್ತು ಯಾವುದೂ ಇಲ್ಲ.

4. ಇರಬೇಕಾದ ಅರ್ಹತೆಗಳು

(ಅ) ಪೌರತ್ವ: ಅಭ್ಯರ್ಥಿಯು ಭಾರತದ ಪೌರನಾಗಿರಬೇಕು. ವಿದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಸ್ಪರ್ಧಿಸುವಂತಿಲ್ಲ.

(ಆ) ವಯಸ್ಸು: ಲೋಕಸಭೆಗೆ 25 ವರ್ಷ, ರಾಜ್ಯಸಭೆಗೆ 30 ವರ್ಷ ತುಂಬಿರಬೇಕು. ಹೋಲಿಕೆಗಾಗಿ ಹೇಳುವುದಾದರೆ ವಿಧಾನಸಭೆಗೆ 25, ವಿಧಾನ ಪರಿಷತ್ತಿಗೆ 30, ಗ್ರಾಮ ಪಂಚಾಯಿತಿಗೆ 21 ವರ್ಷಗಳಾಗಿರಬೇಕು. ನಾಮಪತ್ರಗಳ ಪರಿಶೀಲನೆಗೆ ಗೊತ್ತುಪಡಿಸಿದ ದಿನದಂದು ಅಭ್ಯರ್ಥಿಯು ಅರ್ಹನಾಗಿರಬೇಕು. ಮತದಾನದ ದಿನಕ್ಕೆ ವಯಸ್ಸು ತುಂಬುತ್ತದೆ ಎಂಬುದು ಸಾಲದು. ಉದಾಹರಣೆಗೆ, 2024ರಲ್ಲಿ ಹಾಸನ ಕ್ಷೇತ್ರದ ಪರಿಶೀಲನೆ ಏಪ್ರಿಲ್ 5ರಂದು, ಮತದಾನ ಏಪ್ರಿಲ್ 26ರಂದು ನಡೆಯಿತು. ಏಪ್ರಿಲ್ 20ರಂದು 25 ತುಂಬುವ ವ್ಯಕ್ತಿಯು ಆ ಚುನಾವಣೆಗೆ ಅರ್ಹನಾಗಿರಲಿಲ್ಲ.

ಗರಿಷ್ಠ ವಯೋಮಿತಿ ಇಲ್ಲ. ಇದೇ ಹಾಸನ ಕ್ಷೇತ್ರದಿಂದ 2014ರಲ್ಲಿ ಆಯ್ಕೆಯಾದಾಗ ಶ್ರೀ ಎಚ್.ಡಿ. ದೇವೇಗೌಡರಿಗೆ 80 ವರ್ಷ ತುಂಬಿತ್ತು. 2019ರಲ್ಲಿ ಆಯ್ಕೆಯಾದ ಶ್ರೀ ಪ್ರಜ್ವಲ್ ರೇವಣ್ಣ ಅವರಿಗೆ ಆಗ 28 ವರ್ಷ.

(ಇ) ಮತದಾರರ ಪಟ್ಟಿಯಲ್ಲಿ ನೋಂದಣಿ: ಅಧಿನಿಯಮದ 4ನೇ ಪ್ರಕರಣದ ಪ್ರಕಾರ ಅಭ್ಯರ್ಥಿಯು ದೇಶದ ಯಾವುದಾದರೂ ಒಂದು ಲೋಕಸಭಾ ಕ್ಷೇತ್ರದ ಮತದಾರನಾಗಿದ್ದರೆ ಸಾಕು, ಸ್ಪರ್ಧಿಸುವ ಕ್ಷೇತ್ರದ ನಿವಾಸಿಯಾಗಿರಬೇಕಿಲ್ಲ. ನೆರೆಯ ಚಿಕ್ಕಮಗಳೂರಿನಲ್ಲಿ 1978ರ ಉಪಚುನಾವಣೆಗೆ ಶ್ರೀಮತಿ ಇಂದಿರಾ ಗಾಂಧಿಯವರೂ, 1999ರಲ್ಲಿ ಬಳ್ಳಾರಿಗೆ ಶ್ರೀಮತಿ ಸೋನಿಯಾ ಗಾಂಧಿಯವರೂ ಸ್ಪರ್ಧಿಸಿ ಗೆದ್ದದ್ದು ಈ ನಿಯಮದ ಅನ್ವಯವೇ. ವಿಧಾನಸಭೆಗಾದರೆ ಅಭ್ಯರ್ಥಿಯು ಅದೇ ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು. ಹೊರಗಿನ ಕ್ಷೇತ್ರದ ಮತದಾರನು ತನ್ನ ಹೆಸರಿರುವ ಮತದಾರರ ಪಟ್ಟಿಯ ಪ್ರತಿಯನ್ನಾಗಲಿ, ಸಂಬಂಧಿತ ನಮೂದಿನ ದೃಢೀಕೃತ ಪ್ರತಿಯನ್ನಾಗಲಿ ನಾಮಪತ್ರದೊಂದಿಗೆ ಅಥವಾ ಪರಿಶೀಲನೆಯ ವೇಳೆಗೆ ಹಾಜರುಪಡಿಸತಕ್ಕದ್ದು.

(ಈ) ಮೀಸಲು ಸ್ಥಾನಗಳು: ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ಚಿತ್ರದುರ್ಗ, ಚಾಮರಾಜನಗರ ಮತ್ತು ಕೋಲಾರ ಲೋಕಸಭಾ ಸ್ಥಾನಗಳು ಪರಿಶಿಷ್ಟ ಜಾತಿಗೂ, ರಾಯಚೂರು ಮತ್ತು ಬಳ್ಳಾರಿ ಪರಿಶಿಷ್ಟ ಪಂಗಡಕ್ಕೂ ಮೀಸಲಾಗಿವೆ. ಹಾಸನದ ಪರಿಶಿಷ್ಟ ಜಾತಿಯ ಮತದಾರರು ಹಾಸನ ಕ್ಷೇತ್ರದಿಂದಲೂ, ಮೇಲ್ಕಂಡ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳಿಂದಲೂ ಸ್ಪರ್ಧಿಸಬಹುದು.

(ಉ) ಪ್ರಮಾಣವಚನ: 1963ರ 16ನೇ ತಿದ್ದುಪಡಿಯ ಮೂಲಕ ಸೇರಿಸಲಾದ ಅರ್ಹತೆ ಇದು. ಸಂವಿಧಾನಕ್ಕೆ ನಿಷ್ಠೆಯನ್ನೂ, ದೇಶದ ಸಾರ್ವಭೌಮತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ಸಂಕಲ್ಪವನ್ನೂ ಅಭ್ಯರ್ಥಿಯು ಪ್ರಮಾಣವಚನ ಅಥವಾ ದೃಢೀಕರಣದ ಮೂಲಕ ಘೋಷಿಸಬೇಕು. ನಾಮಪತ್ರ ಸಲ್ಲಿಸಿದ ನಂತರ ಮತ್ತು ಪರಿಶೀಲನೆಯ ದಿನಕ್ಕೆ ಮೊದಲು ಇದು ಮುಗಿದಿರಬೇಕು. ಪರಿಶೀಲನೆಯ ದಿನದ ಬೆಳಿಗ್ಗೆ ಪ್ರಮಾಣ ಸ್ವೀಕರಿಸಿದರೆ ಅದು ಸಿಂಧುವಾಗುವುದಿಲ್ಲ. ಕೊನೆಯ ದಿನ ನಾಮಪತ್ರ ಸಲ್ಲಿಸುವವರು ಆ ದಿನವೇ ಪ್ರಮಾಣವಚನವನ್ನೂ ಪೂರೈಸಿಕೊಳ್ಳಬೇಕೆಂಬುದನ್ನು ವಿಶೇಷವಾಗಿ ಗಮನಿಸತಕ್ಕದ್ದು.

5. ಅನರ್ಹತೆಗಳು

5.1 ಲಾಭದಾಯಕ ಹುದ್ದೆ: ಕೇಂದ್ರ ಸರ್ಕಾರದ ಅಥವಾ ಯಾವುದೇ ರಾಜ್ಯ ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯನ್ನು ಹೊಂದಿರುವವರು ಅನರ್ಹರು. ಸಂಸತ್ತು 1959ರ ಅಧಿನಿಯಮದ ಮೂಲಕ ಕೆಲವು ಹುದ್ದೆಗಳಿಗೆ ವಿನಾಯಿತಿ ನೀಡಿದೆ. ಸರ್ಕಾರಿ ನೌಕರರು ರಾಜೀನಾಮೆ ಪತ್ರ ಕೊಟ್ಟರಷ್ಟೇ ಸಾಲದು. ಅದು ಅಂಗೀಕಾರವಾಗಿ, ಪರಿಶೀಲನೆಯ ದಿನಕ್ಕೆ ಮೊದಲೇ ಸೇವೆಯಿಂದ ಬಿಡುಗಡೆಯಾಗಿರಬೇಕು.

5.2 ಸರ್ಕಾರಿ ಗುತ್ತಿಗೆ: 9ಎ ಪ್ರಕರಣದಂತೆ ಸಂಬಂಧಪಟ್ಟ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಅದರ ಕಾಮಗಾರಿ ನಿರ್ವಹಿಸುವ ಗುತ್ತಿಗೆ ಜಾರಿಯಲ್ಲಿದ್ದರೆ ಅನರ್ಹತೆ ಉಂಟಾಗುತ್ತದೆ. ಸಂಸತ್ತಿನ ಚುನಾವಣೆಯ ಮಟ್ಟಿಗೆ ಸಂಬಂಧಪಟ್ಟ ಸರ್ಕಾರವೆಂದರೆ ಕೇಂದ್ರ ಸರ್ಕಾರ. ಅರಕಲಗೂಡಿನ ಗುತ್ತಿಗೆದಾರರೊಬ್ಬರು ರಾಜ್ಯ ಲೋಕೋಪಯೋಗಿ ಇಲಾಖೆಯ ರಸ್ತೆ ಕಾಮಗಾರಿ ನಡೆಸುತ್ತಿದ್ದರೆ ಲೋಕಸಭೆಗೆ ಸ್ಪರ್ಧಿಸಲು ಅದು ಅಡ್ಡಿಯಾಗದು, ವಿಧಾನಸಭೆಗೆ ಅಡ್ಡಿಯಾಗುತ್ತದೆ. ರೈಲ್ವೆ ಇಲಾಖೆಯ ಕಾಮಗಾರಿಯಾದರೆ ಲೋಕಸಭೆಗೆ ಅಡ್ಡಿಯಾಗುತ್ತದೆ. ಗುತ್ತಿಗೆದಾರನು ಕೆಲಸವನ್ನು ಪೂರ್ಣಗೊಳಿಸಿದ್ದು, ಬಿಲ್ಲಿನ ಹಣ ಸರ್ಕಾರದಿಂದ ಬರುವುದಷ್ಟೇ ಬಾಕಿ ಇದ್ದಲ್ಲಿ ಗುತ್ತಿಗೆ ಜಾರಿಯಲ್ಲಿದೆ ಎಂದು ಭಾವಿಸತಕ್ಕದ್ದಲ್ಲ.

5.3 ಅಪರಾಧ ನಿರ್ಣಯ: 8ನೇ ಪ್ರಕರಣದಲ್ಲಿ ಮೂರು ವರ್ಗಗಳಿವೆ. ಮೊದಲನೆಯದರಲ್ಲಿ ಲಂಚ ಮತ್ತು ಭ್ರಷ್ಟಾಚಾರ, ಗುಂಪುಗಳ ನಡುವೆ ದ್ವೇಷ ಹರಡುವುದು, ಅತ್ಯಾಚಾರ, ಅಸ್ಪೃಶ್ಯತೆಯ ಆಚರಣೆ, ಮಾದಕ ವಸ್ತು ಮೊದಲಾದ ಅಪರಾಧಗಳು ಬರುತ್ತವೆ. ಇವುಗಳಲ್ಲಿ ಕೇವಲ ದಂಡ ವಿಧಿಸಿದ್ದರೂ ತೀರ್ಪಿನ ದಿನದಿಂದ ಆರು ವರ್ಷ ಅನರ್ಹತೆ ಇರುತ್ತದೆ. ಕಾರಾವಾಸವಾದರೆ ತೀರ್ಪಿನ ದಿನದಿಂದ ಆರಂಭವಾಗಿ ಬಿಡುಗಡೆಯ ನಂತರವೂ ಆರು ವರ್ಷ ಮುಂದುವರಿಯುತ್ತದೆ. ಎರಡನೆಯದರಲ್ಲಿ ಅಕ್ರಮ ದಾಸ್ತಾನು, ಆಹಾರ ಮತ್ತು ಔಷಧ ಕಲಬೆರಕೆ, ವರದಕ್ಷಿಣೆ ನಿಷೇಧ ಕಾನೂನಿನ ಉಲ್ಲಂಘನೆ ಇದ್ದು, ಆರು ತಿಂಗಳಿಗೆ ಕಡಿಮೆಯಲ್ಲದ ಶಿಕ್ಷೆಯಾಗಿರಬೇಕು. ಮೂರನೆಯದು ಉಳಿದ ಎಲ್ಲ ಅಪರಾಧಗಳಿಗೆ ಅನ್ವಯಿಸಿ, ಎರಡು ವರ್ಷಕ್ಕೆ ಕಡಿಮೆಯಲ್ಲದ ಶಿಕ್ಷೆಯಾಗಿರಬೇಕು.

ಮೊಕದ್ದಮೆ ದಾಖಲಾಗಿದೆ ಅಥವಾ ಆರೋಪ ಪಟ್ಟಿ ಸಲ್ಲಿಕೆಯಾಗಿದೆ ಎಂಬ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಹಿಂದೆ ಹಾಲಿ ಸದಸ್ಯರಿಗೆ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ರಕ್ಷಣೆ ನೀಡಿದ್ದ 8(4)ನೇ ಉಪಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 10ರಂದು ಲಿಲಿ ಥಾಮಸ್ ಮೊಕದ್ದಮೆಯಲ್ಲಿ ರದ್ದುಪಡಿಸಿತು. ಕೋಲಾರದಲ್ಲಿ 2019ರ ಏಪ್ರಿಲ್‌ನಲ್ಲಿ ಮಾಡಿದ ಭಾಷಣಕ್ಕೆ ಸಂಬಂಧಿಸಿ ಶ್ರೀ ರಾಹುಲ್ ಗಾಂಧಿಯವರಿಗೆ ಸೂರತ್ ನ್ಯಾಯಾಲಯವು 2023ರ ಮಾರ್ಚ್ 23ರಂದು ಎರಡು ವರ್ಷದ ಶಿಕ್ಷೆ ವಿಧಿಸಿದಾಗ ಅವರ ಸದಸ್ಯತ್ವ ಅಂದಿನಿಂದಲೇ ಹೋಯಿತು. ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 4ರಂದು ಅಪರಾಧ ನಿರ್ಣಯಕ್ಕೆ ತಡೆ ನೀಡಿದ ಮೇಲೆ ಸದಸ್ಯತ್ವ ಮರಳಿತು. ಶಿಕ್ಷೆ ಒಂದು ದಿನ ಕಡಿಮೆಯಾಗಿದ್ದರೂ 8(3)ನೇ ಉಪಪ್ರಕರಣ ಅನ್ವಯವಾಗುತ್ತಿರಲಿಲ್ಲ.

5.4 ಚುನಾವಣಾ ವೆಚ್ಚದ ಲೆಕ್ಕ: ಗೆದ್ದವರೂ ಸೋತವರೂ ಫಲಿತಾಂಶದ ದಿನದಿಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಸಲ್ಲಿಸಬೇಕು. ಸಕಾರಣವಿಲ್ಲದೆ ತಪ್ಪಿದಲ್ಲಿ 10ಎ ಪ್ರಕರಣದ ಮೇರೆಗೆ ಚುನಾವಣಾ ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಕರ್ನಾಟಕದ ಲೋಕಸಭಾ ಕ್ಷೇತ್ರಗಳಿಗೆ ವೆಚ್ಚದ ಮಿತಿಯನ್ನು 2022ರ ಜನವರಿಯಲ್ಲಿ 95 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಠೇವಣಿ ಕಳೆದುಕೊಂಡ ಪಕ್ಷೇತರರು ಲೆಕ್ಕ ಕೊಡುವ ಅಗತ್ಯವಿಲ್ಲವೆಂಬ ಭಾವನೆ ತಪ್ಪು.

5.5 ಇತರೆ: ಸಕ್ಷಮ ನ್ಯಾಯಾಲಯವು ಅಸ್ವಸ್ಥಚಿತ್ತರೆಂದು ಘೋಷಿಸಿದವರು, ಋಣವಿಮುಕ್ತರಾಗದ ದಿವಾಳಿಗಳು, ಭ್ರಷ್ಟ ಆಚರಣೆಗಾಗಿ 8ಎ ಪ್ರಕರಣದಡಿ ಅನರ್ಹಗೊಂಡವರು ಹಾಗೂ ಭ್ರಷ್ಟಾಚಾರ ಅಥವಾ ರಾಜ್ಯನಿಷ್ಠೆಯ ಕೊರತೆಯ ಕಾರಣ ಸರ್ಕಾರಿ ಸೇವೆಯಿಂದ ವಜಾಗೊಂಡವರು (ಐದು ವರ್ಷ) ಸ್ಪರ್ಧಿಸುವಂತಿಲ್ಲ.

6. ನಾಮಪತ್ರ ಸಲ್ಲಿಕೆ

ಹಾಸನ ಕ್ಷೇತ್ರಕ್ಕೆ ಜಿಲ್ಲಾಧಿಕಾರಿಗಳು ಚುನಾವಣಾಧಿಕಾರಿಯಾಗಿರುತ್ತಾರೆ. ನಮೂನೆ 2ಎ ನಾಮಪತ್ರವನ್ನು ಬೆಳಿಗ್ಗೆ 11 ರಿಂದ ಮಧ್ಯಾಹ್ನ 3 ಗಂಟೆಯೊಳಗೆ ಅಭ್ಯರ್ಥಿ ಅಥವಾ ಸೂಚಕರು ಖುದ್ದಾಗಿ ಸಲ್ಲಿಸಬೇಕು.

– ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೂ ಮಾನ್ಯತೆ ಇಲ್ಲದ ಪಕ್ಷದವರಿಗೂ ಹತ್ತು ಮಂದಿ ಬೇಕು. ಸೂಚಕರೆಲ್ಲರೂ ಹಾಸನ ಲೋಕಸಭಾ ಕ್ಷೇತ್ರದ ಮತದಾರರೇ ಆಗಿರಬೇಕು. ಕಡೂರಿನ ಮತದಾರರು ಬೇರೆ ಜಿಲ್ಲೆಯವರಾದರೂ ಸೂಚಕರಾಗಬಹುದು. ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ ತಿಪಟೂರಿನವರು ಆಗುವಂತಿಲ್ಲ.

– ಠೇವಣಿ 25,000 ರೂ.; ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸಾಮಾನ್ಯ ಸ್ಥಾನದಲ್ಲಿಯೂ 12,500 ರೂ. 2010ಕ್ಕೆ ಮುಂಚೆ ಇದು ಕ್ರಮವಾಗಿ 10,000 ಮತ್ತು 5,000 ರೂ. ಇತ್ತು. ಸೋತ ಅಭ್ಯರ್ಥಿಯು ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಪಡೆಯದಿದ್ದಲ್ಲಿ ಠೇವಣಿ ಮುಟ್ಟುಗೋಲಾಗುತ್ತದೆ. 12 ಲಕ್ಷ ಸಿಂಧು ಮತಗಳಿದ್ದರೆ 2 ಲಕ್ಷಕ್ಕೂ ಹೆಚ್ಚು ಮತ ಬೇಕು.

– ಒಬ್ಬ ಅಭ್ಯರ್ಥಿಯು ಒಂದು ಕ್ಷೇತ್ರದಲ್ಲಿ ಗರಿಷ್ಠ ನಾಲ್ಕು ನಾಮಪತ್ರ ಸಲ್ಲಿಸಬಹುದು. ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸುವಂತಿಲ್ಲ. ಶ್ರೀ ದೇವೇಗೌಡರು 2004ರಲ್ಲಿ ಹಾಸನ ಮತ್ತು ಕನಕಪುರ ಎರಡರಲ್ಲೂ ಸ್ಪರ್ಧಿಸಿ ಹಾಸನದಲ್ಲಿ ಆಯ್ಕೆಯಾದರು.

– ಪಕ್ಷದ ಅಭ್ಯರ್ಥಿಗಳ ನಮೂನೆ ಎ ಮತ್ತು ಬಿ ಕೊನೆಯ ದಿನದ ಮಧ್ಯಾಹ್ನ 3 ಗಂಟೆಯೊಳಗೆ ತಲುಪಬೇಕು.

2024ರಲ್ಲಿ ಹಾಸನ ಕ್ಷೇತ್ರಕ್ಕೆ ಮಾರ್ಚ್ 28ರಂದು ಅಧಿಸೂಚನೆ ಹೊರಟು, ಏಪ್ರಿಲ್ 4 ನಾಮಪತ್ರಕ್ಕೆ, ಏಪ್ರಿಲ್ 8 ಹಿಂತೆಗೆದುಕೊಳ್ಳಲು ಕೊನೆಯ ದಿನವಾಗಿತ್ತು. ನಡುವೆ ಶುಭ ಶುಕ್ರವಾರ, ಭಾನುವಾರದಂಥ ರಜಾದಿನಗಳಲ್ಲಿ ನಾಮಪತ್ರ ಸ್ವೀಕರಿಸುವುದಿಲ್ಲವಾದ್ದರಿಂದ ದೊರೆಯುವ ಕೆಲಸದ ದಿನಗಳು ಕೆಲವೇ. ಮತದಾರರ ಪಟ್ಟಿಯ ದೃಢೀಕೃತ ಪ್ರತಿ, ಪ್ರತ್ಯೇಕ ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ ಇವುಗಳನ್ನು ಅಧಿಸೂಚನೆಗೆ ಮೊದಲೇ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

7. ನಮೂನೆ 26ರ ಅಫಿಡವಿಟ್ ಮತ್ತು ಹಾಸನದ ತಕರಾರು ಅರ್ಜಿ

ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಮೇ 2ರಂದು ತೀರ್ಪು ನೀಡಿತು. ತದನಂತರ ಅಧಿನಿಯಮಕ್ಕೆ 33ಎ ಪ್ರಕರಣ ಸೇರಿತು. ಈ ತೀರ್ಪಿನ ವ್ಯಾಪ್ತಿಯನ್ನು ಮೊಟಕುಗೊಳಿಸಿದ್ದ 33ಬಿ ಪ್ರಕರಣವು 2003ರ ಮಾರ್ಚ್ 13ರಂದು ರದ್ದಾಯಿತು. ಅಂದಿನಿಂದ ಅಭ್ಯರ್ಥಿಯು ತನ್ನ, ಪತಿ ಅಥವಾ ಪತ್ನಿಯ ಹಾಗೂ ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ತನ್ನ ವಿದ್ಯಾಭ್ಯಾಸ ಮತ್ತು ಮೊಕದ್ದಮೆಗಳ ವಿವರವನ್ನು ಅಫಿಡವಿಟ್ಟಿನಲ್ಲಿ ಸಲ್ಲಿಸಬೇಕು. 2018ರ ನಂತರ ಆದಾಯದ ಮೂಲವನ್ನೂ ತಿಳಿಸಬೇಕು. ಕ್ರಿಮಿನಲ್ ಮೊಕದ್ದಮೆ ಉಳ್ಳವರು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ ಮತ್ತು ಟಿ.ವಿ.ಯಲ್ಲಿ ಅದನ್ನು ಪ್ರಕಟಿಸಬೇಕು.

ಯಾವ ಕಾಲಂ ಅನ್ನೂ ಖಾಲಿ ಬಿಡತಕ್ಕದ್ದಲ್ಲ. ಇಲ್ಲವಾದಲ್ಲಿ “ಇಲ್ಲ” ಅಥವಾ “ಅನ್ವಯಿಸುವುದಿಲ್ಲ” ಎಂದು ಬರೆಯಬೇಕು. ಚುನಾವಣಾಧಿಕಾರಿಯು ನೆನಪಿಸಿದ ಮೇಲೂ ಭರ್ತಿ ಮಾಡದಿದ್ದಲ್ಲಿ ನಾಮಪತ್ರವನ್ನು ತಿರಸ್ಕರಿಸಬಹುದೆಂದು 2013ರಲ್ಲಿ ತೀರ್ಪಾಗಿದೆ. ಆದರೆ ಬರೆದ ವಿವರ ಸತ್ಯವೇ ಎಂಬುದನ್ನು ಪರಿಶೀಲನೆಯ ಹಂತದಲ್ಲಿ ಚುನಾವಣಾಧಿಕಾರಿಯು ವಿಚಾರಣೆ ಮಾಡುವುದಿಲ್ಲ. ಅಫಿಡವಿಟ್ಟನ್ನು ಸಾರ್ವಜನಿಕವಾಗಿ ಪ್ರಕಟಿಸಲಾಗುತ್ತದೆ. ಆಕ್ಷೇಪವಿದ್ದವರು ಸಲ್ಲಿಸುವ ಪ್ರತಿ ಅಫಿಡವಿಟ್ಟನ್ನೂ ಪ್ರಕಟಿಸಲಾಗುತ್ತದೆ. ಸತ್ಯಾಸತ್ಯತೆ ತೀರ್ಮಾನವಾಗುವುದು ನ್ಯಾಯಾಲಯದಲ್ಲಿ.

ಇದಕ್ಕೆ ಹಾಸನವೇ ನಿದರ್ಶನ. 2019ರ ಚುನಾವಣೆಯಲ್ಲಿ ಆಯ್ಕೆಯಾದ ಶ್ರೀ ಪ್ರಜ್ವಲ್ ರೇವಣ್ಣ ಅವರು ಅಫಿಡವಿಟ್ಟಿನಲ್ಲಿ ಆಸ್ತಿ ವಿವರವನ್ನು ಸರಿಯಾಗಿ ನೀಡಿಲ್ಲವೆಂದು ಪರಾಜಿತ ಅಭ್ಯರ್ಥಿ, ಅರಕಲಗೂಡಿನ ಮಾಜಿ ಶಾಸಕ ಶ್ರೀ ಎ. ಮಂಜು ಹಾಗೂ ಮತದಾರ ಶ್ರೀ ಜಿ. ದೇವರಾಜೇಗೌಡ ಅವರು ಉಚ್ಚ ನ್ಯಾಯಾಲಯಕ್ಕೆ ತಕರಾರು ಅರ್ಜಿ ಸಲ್ಲಿಸಿದರು. ಶ್ರೀ ಮಂಜು ಅವರ ಅರ್ಜಿಯು ನಮೂನೆ 25ರ ಅಫಿಡವಿಟ್ ಇಲ್ಲದ ಕಾರಣ 2020ರಲ್ಲಿ ವಜಾಗೊಂಡಿತ್ತು. ಅದು ಸರಿಪಡಿಸಬಹುದಾದ ಲೋಪವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಡಿಸೆಂಬರ್ 13ರಂದು ಅರ್ಜಿಯನ್ನು ಪುನಃ ವಿಚಾರಣೆಗೆ ಕಳುಹಿಸಿತು. ಉಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು ಆಯ್ಕೆಯನ್ನು ಅಸಿಂಧುವೆಂದು ಘೋಷಿಸಿತು. ಶ್ರೀ ಮಂಜು ಅವರನ್ನು ಆಯ್ಕೆಯಾದವರೆಂದು ಘೋಷಿಸಲು ನಿರಾಕರಿಸಿತು. ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 18ರಂದು ಷರತ್ತುಗಳೊಂದಿಗೆ ಈ ಆದೇಶಕ್ಕೆ ತಡೆ ನೀಡಿತು: ಸದನದ ಕಲಾಪದಲ್ಲಿ ಭಾಗವಹಿಸಬಹುದು, ಆದರೆ ಮತ ಹಾಕುವಂತಿಲ್ಲ, ಭತ್ಯೆ ಪಡೆಯುವಂತಿಲ್ಲ. 2024ರ ಚುನಾವಣೆಯಲ್ಲಿ ಅವರು ಮತ್ತೆ ಸ್ಪರ್ಧಿಸಿದ್ದು, ಶ್ರೀ ಶ್ರೇಯಸ್ ಎಂ. ಪಟೇಲ್ ಆಯ್ಕೆಯಾದರು.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶದ 45 ದಿನಗಳೊಳಗೆ ಅಭ್ಯರ್ಥಿಯಷ್ಟೇ ಅಲ್ಲ, ಕ್ಷೇತ್ರದ ಯಾವುದೇ ಮತದಾರನೂ ಸಲ್ಲಿಸಬಹುದು. ಎರಡನೆಯದಾಗಿ, 125ಎ ಪ್ರಕರಣದಡಿ ಸುಳ್ಳು ಅಫಿಡವಿಟ್ಟಿಗೆ ಇರುವ ಗರಿಷ್ಠ ಶಿಕ್ಷೆ ಆರು ತಿಂಗಳು. ಈ ಅಪರಾಧವು 8ನೇ ಪ್ರಕರಣದ ಪಟ್ಟಿಯಲ್ಲಿಲ್ಲ. ಆದ್ದರಿಂದ ಅದರಿಂದಲೇ ಅನರ್ಹತೆ ಬರುವುದಿಲ್ಲ. ಚುನಾವಣೆ ಅಸಿಂಧುವಾಗುವುದು ಅಥವಾ ಭ್ರಷ್ಟ ಆಚರಣೆ ಸಾಬೀತಾಗುವುದು ಬೇರೆ ವಿಷಯ. ಐದು ವರ್ಷದ ಅವಧಿಯ ನಾಲ್ಕು ವರ್ಷಗಳು ವ್ಯಾಜ್ಯದಲ್ಲಿಯೇ ಕಳೆದುದನ್ನು ಗಮನಿಸಿದರೆ, ಮತದಾನಕ್ಕೆ ಮೊದಲೇ ಅಫಿಡವಿಟ್ಟನ್ನು ಓದಿ ನೋಡುವುದು ಮತದಾರನಿಗಿರುವ ಅತ್ಯಂತ ಶೀಘ್ರ ಪರಿಹಾರವೆಂಬುದು ವಿದಿತವಾಗುತ್ತದೆ. ಪ್ರತಿಯೊಂದು ಸಣ್ಣ ಚರಾಸ್ತಿಯನ್ನೂ ಘೋಷಿಸದಿರುವುದು ಗಂಭೀರ ಲೋಪವಲ್ಲವೆಂದು 2024ರ ಏಪ್ರಿಲ್ 9ರ ತೀರ್ಪು ಹೇಳಿದೆ. ಗಣನೀಯ ಮೌಲ್ಯದ ಆಸ್ತಿಗೆ ಈ ರಿಯಾಯಿತಿ ಇಲ್ಲ.

8. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ವಿಚಾರಣಾಧೀನ ಕೈದಿಯು ಸ್ಪರ್ಧಿಸಬಹುದೇ?
ಉತ್ತರ: ಹೌದು. ಮತ ಚಲಾಯಿಸುವಂತಿಲ್ಲವಾದರೂ, ಮತದಾರರ ಪಟ್ಟಿಯಲ್ಲಿ ಹೆಸರಿದ್ದು ಬೇರೆ ಅನರ್ಹತೆ ಇಲ್ಲದಿದ್ದರೆ ಸ್ಪರ್ಧಿಸಬಹುದು. 2013ರ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ.

ಪ್ರಶ್ನೆ: ಸಂಸತ್ತಿನ ಸದಸ್ಯರಲ್ಲದವರು ಪ್ರಧಾನಿಯಾಗಬಹುದೇ?
ಉತ್ತರ: ಆರು ತಿಂಗಳ ಮಟ್ಟಿಗೆ ಆಗಬಹುದು. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಶ್ರೀ ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಸತ್ತಿನ ಸದಸ್ಯರಾಗಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಪ್ರಶ್ನೆ: ಹೆಸರಿನ ಅಕ್ಷರದೋಷಕ್ಕೆ ನಾಮಪತ್ರ ತಿರಸ್ಕೃತವಾಗುತ್ತದೆಯೇ?
ಉತ್ತರ: ಇಲ್ಲ. 36(4)ನೇ ಉಪಪ್ರಕರಣದಂತೆ ಗಣನೀಯವಲ್ಲದ ದೋಷಕ್ಕಾಗಿ ನಾಮಪತ್ರವನ್ನು ತಿರಸ್ಕರಿಸತಕ್ಕದ್ದಲ್ಲ. ಸೂಚಕರ ಸಹಿ, ಠೇವಣಿ, ಪ್ರಮಾಣವಚನ ಇಲ್ಲದಿರುವುದು ಗಣನೀಯ ದೋಷ.

9. ಸೂಚನೆ

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಸಂವಿಧಾನ, ಅಧಿನಿಯಮ ಮತ್ತು ಚುನಾವಣೆಗಳನ್ನು ನಡೆಸುವ ನಿಯಮಗಳು, 1961 ಇವುಗಳ ಮೂಲ ಪಾಠವೇ ಅಂತಿಮ. ಠೇವಣಿ, ವೆಚ್ಚದ ಮಿತಿ ಹಾಗೂ ನಮೂನೆಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಸ್ಪರ್ಧಿಸಲು ಇಚ್ಛಿಸುವವರು ಜಿಲ್ಲಾಧಿಕಾರಿಗಳ ಕಚೇರಿಯ ಚುನಾವಣಾ ಶಾಖೆಯಲ್ಲಿ ಅಥವಾ ಆಯಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯತಕ್ಕದ್ದು.